ದಾರಿಯ ಮೊದಲ ಹಕ್ಕುದಾರ

ಸೈಕಲೆಂಬುದು ನಮ್ಮ ಊರುಗಳಲ್ಲಿ ಬಹುಕಾಲ ದುಡಿಮೆಯ ಸಂಗಾತಿಯಾಗಿತ್ತು. ಹಾಲಿನ ಕ್ಯಾನು, ಮೀನಿನ ಬುಟ್ಟಿ, ಅಂಚೆಯ ಚೀಲ, ಪೇಟೆಗೆ ಹೋಗುವ ಅಡಿಕೆಯ ಗೋಣಿ ಇವೆಲ್ಲವನ್ನೂ ಅದು ಹೊತ್ತಿದೆ. ಏರು ಬಂದಲ್ಲಿ ಸವಾರನು ಇಳಿದು ತಳ್ಳುತ್ತಿದ್ದನು; ಗುಡ್ಡ ಹತ್ತುವುದಕ್ಕೆಂದೇ ಯಾರಾದರೂ ಸೈಕಲು ಒಯ್ದರೆ ಹಿರಿಯರು ನಗುತ್ತಿದ್ದರು. ಈಗ ಕಾಲ ಬದಲಾಗಿದೆ. ದಪ್ಪ ಟಯರಿನ, ಹಲವು ಗೇರುಗಳ ಸೈಕಲುಗಳು ಹಳ್ಳಿಮನೆಗಳ ಜಗಲಿಗೂ ಬಂದಿವೆ. ರಜೆಯ ದಿನ ಮಕ್ಕಳು ಅವನ್ನು ಗುಡ್ಡದ ಕಾಲುದಾರಿಗೆ ಒಯ್ಯುತ್ತಾರೆ. ಒಡನೆಯೇ ದೂರುಗಳೂ ಬಂದಿವೆ. ಹುಲ್ಲಿನ ಹೊರೆ ಹೊತ್ತು ಇಳಿಯುವ ಹೆಂಗಸರು ಬೆಚ್ಚಿ ಬದಿಗೆ ಸರಿಯಬೇಕಾಗುತ್ತದೆ. ಚಕ್ರ ಎಳೆದ ಗೆರೆಯೇ ಆಟಿಯ ಮಳೆಗೆ ತೋಡಾಗುತ್ತದೆ. ಗುಡ್ಡಕ್ಕೆ ಸೈಕಲು ಒಯ್ಯುವುದನ್ನು ಶಾಲೆಯವರೇ ನಿಷೇಧಿಸಬೇಕೆಂದು ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಕೆಲವರೆಂದರೆ, ಮೊಬೈಲು ಬಿಟ್ಟು ಬಯಲಿಗೆ ಹೋದ ಮಕ್ಕಳನ್ನು ತಡೆಯಬಾರದೆಂದು ಇನ್ನು ಕೆಲವರೆನ್ನುತ್ತಾರೆ. ಎರಡು ಮಾತಿನಲ್ಲೂ ಸತ್ಯಾಂಶವಿದೆ.

ಈ ವಿವಾದ ನಮ್ಮೂರಿನಲ್ಲಿ ಹುಟ್ಟಿದ್ದಲ್ಲ. ಬೆಟ್ಟದ ಸೈಕಲು ಹುಟ್ಟಿದೊಡನೆ ಇದೂ ಹುಟ್ಟಿತು. ಆದುದರಿಂದ ತೀರ್ಪು ಕೊಡುವ ಮೊದಲು ಆ ಚರಿತ್ರೆಯನ್ನು ಒಮ್ಮೆ ನೋಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಅಮೆರಿಕೆಯ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ ಮರಿನ್ ಎಂಬ ಜಿಲ್ಲೆಯಿದೆ. 2,571 ಅಡಿ ಎತ್ತರದ ಟಾಮಲ್ಪೈಸ್ ಬೆಟ್ಟವೂ ಅದರ ಸುತ್ತಲ ಗುಡ್ಡಸಾಲೂ ಅಲ್ಲಿವೆ. ಕಾಡ್ಗಿಚ್ಚು ಎದ್ದಾಗ ವಾಹನಗಳು ಹೋಗಲೆಂದು ಆ ಗುಡ್ಡಗಳಲ್ಲಿ ಮಣ್ಣಿನ ರಸ್ತೆಗಳನ್ನು ಕಡಿದಿದ್ದರು. 1970ರ ದಶಕದಲ್ಲಿ ಅಲ್ಲಿನ ಕೆಲವು ತರುಣರು 1930-40ರ ದಶಕಗಳ ಹಳೆಯ ಸೈಕಲುಗಳನ್ನು ಹುಡುಕಿ ತಂದು ಈ ರಸ್ತೆಗಳಲ್ಲಿ ಇಳಿಯತೊಡಗಿದರು. ಅವು ದಪ್ಪ ಟಯರಿನ, ಎತ್ತಲು ಭಾರವಾದ, ಒಂದೇ ಗೇರಿನ ಸೈಕಲುಗಳು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಚಕ್ರದ ಹಬ್ಬಿನೊಳಗೆ ಬ್ರೇಕು ಹಿಡಿಯುತ್ತಿತ್ತು.

1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಬಳಿಯ ಇಂಥದೊಂದು ರಸ್ತೆಯಲ್ಲಿ ಮೊದಲ ಸ್ಪರ್ಧೆ ನಡೆಯಿತು. ಸುಮಾರು 2 ಮೈಲಿನಲ್ಲಿ ಸುಮಾರು 1,300 ಅಡಿ ಇಳಿತ. ತರಗತಿಯ ಲೆಕ್ಕದಂತೆ ಹೇಳುವುದಾದರೆ, ನೂರು ಅಡಿ ಹೋಗುವಷ್ಟರಲ್ಲಿ ಹನ್ನೆರಡು ಅಡಿ ಕೆಳಗೆ ಬಂದಂತಾಯಿತು. ದಾರಿಯುದ್ದಕ್ಕೂ ಬ್ರೇಕು ಒತ್ತಿದ ಕಾರಣ ಹಬ್ಬು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಇಳಿದಾದ ಮೇಲೆ ಹಬ್ಬನ್ನು ಬಿಚ್ಚಿ ಮತ್ತೆ ಗ್ರೀಸು ತುಂಬಲೇಬೇಕು. ಮತ್ತೆ ತುಂಬುವ ಈ ಕೆಲಸದಿಂದಲೇ ಆ ಇಳಿಜಾರಿಗೆ ‘ರೀಪ್ಯಾಕ್’ ಎಂಬ ಹೆಸರು ನಿಂತಿತು. ಇಳಿಯುವವನಿಗೆ ವೇಗಕ್ಕಿಂತ ಬ್ರೇಕು ಮುಖ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಹಳೆಯ ಸೈಕಲುಗಳು ಇಂಥ ಪೆಟ್ಟನ್ನು ಬಹುದಿನ ತಾಳಲಿಲ್ಲ. 1977ರಲ್ಲಿ ಜೋ ಬ್ರೀಜ್ ಎಂಬವರು ಈ ಉಪಯೋಗಕ್ಕೆಂದೇ ಹೊಸ ಚೌಕಟ್ಟನ್ನು ರಚಿಸಿ ಬೆಸೆದರು. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ, ಟಾಮ್ ರಿಚಿಯವರು ಮಾಡಿಕೊಟ್ಟ ಚೌಕಟ್ಟುಗಳನ್ನು ಬಳಸಿ, ‘ಮೌಂಟನ್ ಬೈಕ್ಸ್’ ಎಂಬ ಹೆಸರಿನಲ್ಲಿ ವ್ಯಾಪಾರ ಆರಂಭಿಸಿದರು. 1981ರಲ್ಲಿ ಜಪಾನಿನಲ್ಲಿ ತಯಾರಾದ ‘ಸ್ಟಂಪ್‌ಜಂಪರ್’ ಈ ಬಗೆಯ ಸೈಕಲನ್ನು ಸಾಮಾನ್ಯ ಅಂಗಡಿಗಳಿಗೂ ತಲುಪಿಸಿತು. 1990ರಲ್ಲಿ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು; 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಕ್ರೀಡೆಗೆ ಸ್ಥಾನ ದೊರೆಯಿತು. ಗೆಳೆಯರ ವಿನೋದವೊಂದು ಇಪ್ಪತ್ತು ವರ್ಷಗಳಲ್ಲಿ ಒಲಿಂಪಿಕ್ ಪದಕದವರೆಗೆ ನಡೆದದ್ದು ಸಾಮಾನ್ಯ ಸಂಗತಿಯಲ್ಲ.

ಆದರೆ ಹುಟ್ಟಿದ ಮನೆಯಲ್ಲೇ ಅದಕ್ಕೆ ವಿರೋಧವೂ ಹುಟ್ಟಿತು. ಟಾಮಲ್ಪೈಸ್ ಬೆಟ್ಟದಲ್ಲಿ ಮೊದಲಿನಿಂದಲೂ ನಡೆಯುವವರು ಮತ್ತು ಕುದುರೆ ಸವಾರರು ಇದ್ದರು. ತಿರುವಿನಲ್ಲಿ ಸದ್ದಿಲ್ಲದೆ ಎರಗುವ ಸೈಕಲಿಗೆ ಮನುಷ್ಯರು ಹೆದರಿದರು, ಕುದುರೆಗಳು ಬೆದರಿದವು. ಸೈಕಲುಗಳು ಅಗಲವಾದ ಮಣ್ಣಿನ ರಸ್ತೆಗಳಲ್ಲಿ ಮಾತ್ರ ಓಡಬೇಕು, ಕಿರುದಾರಿಗಳಿಗೆ ಬರಕೂಡದೆಂಬ ನಿಯಮ ಬಂತು. ಗಂಟೆಗೆ 15 ಮೈಲು, ಕುರುಡು ತಿರುವಿನಲ್ಲಿ 5 ಮೈಲು ಎಂಬ ವೇಗಮಿತಿಯೂ ಬಂತು. 1984ರಲ್ಲಿ ಅಮೆರಿಕೆಯ ಅರಣ್ಯ ಇಲಾಖೆಯು 1964ರ ಕಾನೂನಿನಂತೆ ಕಾಯ್ದಿರಿಸಿದ ವನ್ಯಪ್ರದೇಶಗಳೊಳಗೆ ಸೈಕಲು ಸಲ್ಲದೆಂದು ಸ್ಪಷ್ಟವಾಗಿ ವಿಧಿಸಿತು. ಸವಾರರು ಕನಲಿದರು, ನಡೆಯುವವರು ಬಿಗಿದರು. ನಾಲ್ಕು ದಶಕಗಳು ಕಳೆದರೂ ಮರಿನ್‌ನಲ್ಲಿ ಆ ಮನಸ್ತಾಪ ಪೂರ್ತಿ ಆರಿಲ್ಲ. ಮೊದಲು ಎಲ್ಲವನ್ನೂ ಬಿಟ್ಟು, ಬಳಿಕ ಎಲ್ಲವನ್ನೂ ಮುಚ್ಚಿದರೆ ಹೀಗಾಗುತ್ತದೆ.

ಬ್ರಿಟನ್ನಿನಲ್ಲಿ ಈ ವಿಷಯ ಬೇರೊಂದು ಹಾದಿ ಹಿಡಿಯಿತು. ಅಲ್ಲಿನ 1968ರ ಗ್ರಾಮಾಂತರ ಕಾಯ್ದೆಯು ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಕುದುರೆದಾರಿಗಳಲ್ಲಿ ಸೈಕಲು ತುಳಿಯುವ ಹಕ್ಕನ್ನು ಕೊಟ್ಟಿತು. ಆದರೆ ಅದೇ ಉಸುರಿನಲ್ಲಿ, ಸೈಕಲಿನವನು ನಡೆಯುವವನಿಗೂ ಕುದುರೆಯವನಿಗೂ ದಾರಿ ಬಿಟ್ಟುಕೊಡತಕ್ಕದ್ದು ಎಂಬ ಕರ್ತವ್ಯವನ್ನೂ ವಿಧಿಸಿತು. ಬೆಟ್ಟದ ಸೈಕಲು ಹುಟ್ಟುವ ಮೊದಲೇ ಬರೆದ ಈ ವಾಕ್ಯದಲ್ಲಿ ಹಕ್ಕು ಮತ್ತು ಹೊಣೆ ಒಟ್ಟೊಟ್ಟಿಗೆ ನಿಂತಿರುವುದನ್ನು ನಾವು ಗಮನಿಸಬೇಕು.

ಅಲ್ಲಿನ ಅರಣ್ಯಗಳ ಕಥೆಯೂ ತಿಳಿಯತಕ್ಕದ್ದೇ. ಮೊದಲನೆಯ ಮಹಾಯುದ್ಧದಲ್ಲಿ ಮರದ ಕೊರತೆಯಿಂದ ಕಂಗೆಟ್ಟ ಬ್ರಿಟನ್ 1919ರಲ್ಲಿ ಅರಣ್ಯ ಆಯೋಗವನ್ನು ಸ್ಥಾಪಿಸಿ, ಬೋಳು ಗುಡ್ಡಗಳಲ್ಲಿ ಮರಗಳನ್ನು ಸಾಲುಸಾಲಾಗಿ ನೆಡಿಸಿತು. ಮರ ಕಡಿಯುವ ಕಾಡಿನಲ್ಲಿ ಜನರು ವಿಹರಿಸಲೂ ಎಡೆಯಿರಲೆಂದು 1935ರಲ್ಲಿ ಸ್ಕಾಟ್ಲೆಂಡಿನ ಆರ್ಗೈಲ್‌ನಲ್ಲಿ ಮೊದಲ ‘ಅರಣ್ಯ ಉದ್ಯಾನ’ವನ್ನು ತೆರೆದರು. 1947ರಲ್ಲಿ ಗ್ಯಾಲೊವೇ ಅರಣ್ಯ ಉದ್ಯಾನವೂ ಬಂತು. ಕೆಲವು ದಶಕಗಳ ಬಳಿಕ ಬೆಟ್ಟದ ಸೈಕಲಿಗೆ ಎಡೆಮಾಡಿಕೊಟ್ಟದ್ದು ಇಂಥ ಮರದ ತೋಟಗಳೇ.

ವೇಲ್ಸ್‌ನ ಡೊಲ್ಗೆಲ್ಲಾಯ್ ಪಟ್ಟಣದ ಬಳಿ ‘ಕೋಯ್ಡ್ ಅ ಬ್ರೆನಿನ್’ ಎಂಬ ಕಾಡಿದೆ. ‘ರಾಜನ ಕಾಡು’ ಎಂದು ಅದರ ಅರ್ಥ. 1990ರ ದಶಕದಲ್ಲಿ ಅಲ್ಲಿನ ಅರಣ್ಯದವರು, ಸವಾರರು ಹೇಗೂ ಬರುತ್ತಾರಾದ ಕಾರಣ ಅವರಿಗೆ ತಕ್ಕ ದಾರಿಯನ್ನು ನಾವೇ ಕಡಿಯೋಣವೆಂದು ನಿಶ್ಚಯಿಸಿದರು. ಸದಾ ಮಳೆ ಹನಿಯುವ ನಾಡು. ಬರಿಯ ಮಣ್ಣಿನ ದಾರಿ ಒಂದು ಚಳಿಗಾಲವೂ ಬಾಳದು. ಆದುದರಿಂದ ಗುಡ್ಡದ ಕಲ್ಲನ್ನೇ ಹಾಸಿ ಗಟ್ಟಿಯಾದ ದಾರಿ ಮಾಡಿದರು. ಅದು ಬ್ರಿಟನ್ನಿನ ಇತರ ಅರಣ್ಯಗಳಿಗೆ ಮಾದರಿಯಾಯಿತು.

2001ರಲ್ಲಿ ಬ್ರಿಟನ್ನಿನಲ್ಲಿ ಜಾನುವಾರುಗಳಿಗೆ ಕಾಲುಬಾಯಿ ಜ್ವರ ಹಬ್ಬಿ, 60 ಲಕ್ಷಕ್ಕೂ ಹೆಚ್ಚು ಪಶುಗಳನ್ನು ಕೊಲ್ಲಬೇಕಾಯಿತು. ದನಕುರಿಗಳನ್ನು ಸಾಕಿದವರಿಗಷ್ಟೇ ಅದರ ಸಂಕಟ ತಿಳಿದೀತು. ಸೋಂಕು ಹರಡದಿರಲೆಂದು ಕಾಲುದಾರಿಗಳನ್ನೂ ಮುಚ್ಚಿದ ಕಾರಣ ಪ್ರವಾಸಿಗಳ ಬರವೂ ನಿಂತಿತು. ದಕ್ಷಿಣ ಸ್ಕಾಟ್ಲೆಂಡಿನ ಹಳ್ಳಿಗಳು ಎರಡು ಕಡೆಯಿಂದಲೂ ಪೆಟ್ಟು ತಿಂದವು. ಆ ನಾಡನ್ನು ಚೇತರಿಸುವ ಉಪಾಯಗಳಲ್ಲಿ ಒಂದಾಗಿ, ಅಲ್ಲಿನ ಅರಣ್ಯಗಳಲ್ಲಿ ಏಳು ಸೈಕಲು ಕೇಂದ್ರಗಳು ರೂಪುಗೊಂಡವು. ‘ಸ್ಟೇನ್’ ಎಂದರೆ ಅಲ್ಲಿಯವರ ಮಾತಿನಲ್ಲಿ ಕಲ್ಲು. ಒಂದೊಂದು ಕೇಂದ್ರಕ್ಕೆ ಒಂದೊಂದು ಶಿಲ್ಪದ ಕಲ್ಲನ್ನು ನಿಲ್ಲಿಸಿ ‘ಏಳು ಕಲ್ಲು’ ಎಂದೇ ಹೆಸರಿಟ್ಟರು. ಗ್ಯಾಲೊವೇ ಅರಣ್ಯ ಉದ್ಯಾನದ ಕಿರೊಟ್ರೀಯಲ್ಲಿ ದಾರಿಯು ಬೋಳು ಗ್ರಾನೈಟ್ ಬಂಡೆಗಳ ಬೆನ್ನಮೇಲೆಯೇ ಸಾಗುತ್ತದೆ. ಅದೇ ಉದ್ಯಾನದ ಗ್ಲೆನ್‌ಟ್ರೂಲ್‌ನಲ್ಲಿ ಕಾಡು, ಕೊಳ್ಳ, ಹುಲ್ಲಿನ ದಿಣ್ಣೆಗಳ ನಡುವೆ ನಿಧಾನವಾಗಿ ತುಳಿಯಬಹುದು. ಹಸಿರು, ನೀಲಿ, ಕೆಂಪು, ಕಪ್ಪು ಎಂದು ದಾರಿಗಳಿಗೆ ಬಣ್ಣದ ಗುರುತುಗಳಿವೆ: ಹಸಿರು ಎಳೆಯರಿಗೆ, ಕಪ್ಪು ಪಳಗಿದವರಿಗೆ. ಶಾಲೆಯ ತರಗತಿಗಳಂತೆ ಒಂದನ್ನು ಕಲಿತು ಇನ್ನೊಂದಕ್ಕೆ ಏರುವ ಈ ಕ್ರಮ ನಮಗೆ ಬಹಳ ಹಿಡಿಸಿತು. ಇದೇ ಕೇಂದ್ರಗಳಲ್ಲೊಂದಾದ ಗ್ಲೆಂಟ್ರೆಸ್ 2023ರಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಓಟಗಳಿಗೆ ತಾಣವಾಯಿತು.

ಇನ್ನು ದಾರಿ ಕಡಿಯುವವರು ಅನುಭವದಿಂದ ಕಲಿತ ಪಾಠವೇನು? ದಾರಿಯನ್ನು ಕೆಡಿಸುವುದು ಮುಖ್ಯವಾಗಿ ಚಕ್ರವಲ್ಲ, ಕಾಲೂ ಅಲ್ಲ, ನೀರು. ಚಕ್ರವೂ ಕಾಲೂ ಮಣ್ಣನ್ನು ಸಡಿಲಿಸಿ ಕೊಡುತ್ತವೆ, ಹೊತ್ತೊಯ್ಯುವುದು ನೀರು. ಅಮೆರಿಕೆಯ ಮೊಂಟಾನಾ ರಾಜ್ಯದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕುದುರೆಯ ಗೊರಸೂ ಮನುಷ್ಯನ ಕಾಲೂ ಚಕ್ರಕ್ಕಿಂತ ಹೆಚ್ಚು ಮಣ್ಣನ್ನು ಸಡಿಲಿಸಿದ್ದು ಕಂಡುಬಂತು. ಹಾಗೆಂದು ಸೈಕಲಿನವರು ಬೀಗಬೇಕಾಗಿಲ್ಲ. ಹಿಂಚಕ್ರವನ್ನು ಬಿಗಿಹಿಡಿದು ಜಾರಿಸಿದಾಗ ಬೀಳುವ ಉದ್ದಗೆರೆ ನೀರಿಗೆ ಸಿದ್ಧವಾದ ಕಾಲುವೆಯೇ ಸರಿ.

ಆದಕಾರಣ ಬಲ್ಲವರು ದಾರಿಯನ್ನು ಗುಡ್ಡದ ನೆತ್ತಿಯಿಂದ ನೇರ ಕೆಳಗೆ ಎಳೆಯುವುದಿಲ್ಲ. ಗುಡ್ಡದ ಮೈಯನ್ನು ಬಳಸಿ ಅಡ್ಡಡ್ಡವಾಗಿ ಒಯ್ಯುತ್ತಾರೆ. ಗುಡ್ಡದ ಮೈ ನೂರಕ್ಕೆ ಇಪ್ಪತ್ತರಂತೆ ಇಳಿಯುತ್ತಿದ್ದರೆ ದಾರಿಯ ಇಳಿತ ಹತ್ತನ್ನು ಮೀರಬಾರದು. ಎಂದರೆ ಅರ್ಧಕ್ಕಿಂತ ಹೆಚ್ಚಾಗಬಾರದು ಎಂಬುದು ಅವರ ಸೂತ್ರ. ದಾರಿಯ ಹೊರಅಂಚನ್ನು ತುಸು ತಗ್ಗಿಸಿ, ಬಿದ್ದ ನೀರು ಉದ್ದಕ್ಕೆ ಹರಿಯದೆ ಅಡ್ಡಕ್ಕೆ ದಾಟಿಹೋಗುವಂತೆ ಮಾಡುತ್ತಾರೆ. ಇಳಿಯುವ ದಾರಿ ಅಲ್ಲಲ್ಲಿ ತುಸು ಏರುವಂತೆ ಮಾಡಿ, ನೀರು ಅಲ್ಲಿಯೇ ಹೊರಬೀಳುವಂತೆ ನೋಡಿಕೊಳ್ಳುತ್ತಾರೆ. ಆ ಏರಿಳಿತದಿಂದಲೇ ಸವಾರನಿಗೆ ಉಲ್ಲಾಸ, ದಾರಿಗೆ ಆಯುಷ್ಯ.

ಇದನ್ನು ಓದುವಾಗ ಕಾಸರಗೋಡಿನ ಕೃಷಿಕರಿಗೆ ನಗು ಬಂದೀತು. ಮಳೆಗಾಲಕ್ಕೆ ಮುನ್ನ ಅಡಿಕೆ ತೋಟದ ಕಣಿಗಳನ್ನು ಬಿಡಿಸಿ, ಗುಡ್ಡದ ನೀರನ್ನು ಬದಿಗೆ ತಿರುಗಿಸುವ ವಿದ್ಯೆ ನಮ್ಮ ಹಿರಿಯರಿಗೆ ಕರಗತವಾಗಿತ್ತು. ಗುಡ್ಡವನ್ನು ಸುರಂಗವಾಗಿ ಕೊರೆದು ನೀರನ್ನು ಮೆಲ್ಲನೆ ಹೊರತಂದ ನಾಡಿಗೆ ನೀರಿನ ನಡೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದಾರಿಯ ಮರ್ಯಾದೆಯೂ ನಮಗೆ ಹೊಸತಲ್ಲ. ಗದ್ದೆಯ ಕಟ್ಟಪುಣಿಯಲ್ಲಿ ತಲೆಹೊರೆಯವರು ಎದುರಾದರೆ ಬರಿಗೈಯವನು ಗದ್ದೆಗೆ ಕಾಲಿಟ್ಟಾದರೂ ದಾರಿ ಬಿಡುತ್ತಿದ್ದನು. ಬ್ರಿಟನ್ನಿನ ಕಾಯ್ದೆ ಅಕ್ಷರದಲ್ಲಿ ಬರೆದದ್ದನ್ನು ನಮ್ಮ ಬೈಲು ನಡತೆಯಲ್ಲಿ ಇಟ್ಟುಕೊಂಡಿತ್ತು.

ಹೀಗಿರಲು ನಮ್ಮ ಅಭಿಪ್ರಾಯ ಇಷ್ಟೇ. ಗುಡ್ಡದ ದಾರಿಗೆ ಮೂವರು ಹಕ್ಕುದಾರರು. ಮೊದಲನೆಯದು ನೀರು, ಎರಡನೆಯವರು ನಡೆಯುವವರು, ಮೂರನೆಯವನು ಸವಾರ. ಈ ಸರದಿಯನ್ನು ಒಪ್ಪುವ ಮಗುವಿಗೆ ಗುಡ್ಡವನ್ನು ಮುಚ್ಚಬೇಕಾಗಿಲ್ಲ. ಒಪ್ಪದ ಮಗುವಿಗೆ ತೆರೆದಿಡುವುದೂ ತರವಲ್ಲ. ನಿಷೇಧ ಸುಲಭ, ಆದರೆ ಅದರಿಂದ ಮಕ್ಕಳು ಕಲಿಯುವುದು ಕದ್ದು ಹೋಗುವುದನ್ನು ಮಾತ್ರ.

ರಕ್ಷಕರು ಮಾಡಬಹುದಾದದ್ದು ಹಲವಿದೆ. ಹೊರಡುವ ಮುನ್ನ ಎರಡೂ ಬ್ರೇಕುಗಳನ್ನು ಮಗುವಿನ ಕೈಯಿಂದಲೇ ಪರೀಕ್ಷಿಸಿರಿ. ತಲೆಗೆ ಹೆಲ್ಮೆಟ್ ಇಲ್ಲದೆ ಇಳಿಜಾರಿಗೆ ಬಿಡಬೇಡಿರಿ. ಮುಂಬ್ರೇಕನ್ನು ಒಮ್ಮೆಲೆ ಹಿಡಿದರೆ ಸೈಕಲು ತಲೆಕೆಳಗಾಗುವುದನ್ನೂ, ಹಿಂಬ್ರೇಕನ್ನು ಬಿಗಿದರೆ ಚಕ್ರ ಜಾರುವುದನ್ನೂ ತಿಳಿಹೇಳಿ, ಎರಡನ್ನೂ ಹದವಾಗಿ ಒತ್ತುವುದನ್ನು ಸಮತಟ್ಟಿನ ಅಂಗಳದಲ್ಲೇ ಕಲಿಸಿರಿ. ಪಾಚಿಗಟ್ಟಿದ ಮುರಕಲ್ಲಿನ ಪಾರೆಯ ಮೇಲೆ ಮಳೆಗಾಲದಲ್ಲಿ ಸವಾರಿ ಬೇಡವೇ ಬೇಡ. ಮೆದುವಾದ ಮಣ್ಣಿಗೂ ಆ ತಿಂಗಳುಗಳು ವಿಶ್ರಾಂತಿಯ ಕಾಲ. ತಿರುವಿಗೆ ಮುನ್ನ ಬೆಲ್ಲು ಬಾರಿಸಲಿ. ಹೊರೆಹೊತ್ತವರನ್ನು ಕಂಡೊಡನೆ ಇಳಿದು ನಿಲ್ಲಲಿ.

ವಯನಾಡು, ನೀಲಗಿರಿ, ತಾಳವಾಡಿಗಳ ಓದುಗರಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಮೇಲೆ ಹೇಳಿದ ಬ್ರಿಟನ್ನಿನ ಅರಣ್ಯಗಳಲ್ಲಿ ಆನೆಯಿಲ್ಲ, ಹುಲಿಯಿಲ್ಲ. ನಮ್ಮ ಅಭಯಾರಣ್ಯಗಳು ಪ್ರಾಣಿಗಳ ಮನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಅವನ್ನು ಹೊಗುವಂತಿಲ್ಲ. ಸದ್ದಿಲ್ಲದ ಸೈಕಲು ತಿರುವಿನಲ್ಲಿ ಆನೆಯ ಮುಂದೆಯೇ ಹೋಗಿ ನಿಂತರೆ ಗೇರೂ ಬ್ರೇಕೂ ಕಾಯಲಾರವು. ಅಲ್ಲಿ ಮೊದಲ ಹಕ್ಕುದಾರ ಯಾರೆಂಬುದರಲ್ಲಿ ಚರ್ಚೆಗೆ ಎಡೆಯೇ ಇಲ್ಲ.

ಕೊನೆಯದಾಗಿ, ದಾರಿ ಒಮ್ಮೆ ಕಡಿದರೆ ಮುಗಿಯಲಿಲ್ಲ. ಅದನ್ನು ವರ್ಷವರ್ಷವೂ ಕಾಯಬೇಕು, ಕಾಯಲು ಖರ್ಚಿದೆ. ಕೋಯ್ಡ್ ಅ ಬ್ರೆನಿನ್‌ನಲ್ಲೇ ಹಣದ ಅಡಚಣೆಯಿಂದ 2025ರ ಮಾರ್ಚ್ ಕೊನೆಗೆ ಸಂದರ್ಶಕರ ಉಪಾಹಾರ ಗೃಹವನ್ನೂ ಅಂಗಡಿಯನ್ನೂ ಇಲಾಖೆ ಮುಚ್ಚಿತು. ದಾರಿಗಳನ್ನು ಮಾತ್ರ ತೆರೆದೇ ಇಟ್ಟಿತು. ನಮ್ಮ ಗುಡ್ಡಕ್ಕೆ ಇಲಾಖೆಯ ಹಣ ಬರಲಾರದು, ಬೇಕಾಗಿಯೂ ಇಲ್ಲ. ಮೇ ತಿಂಗಳ ಕೊನೆಯ ಒಂದು ಬೆಳಗ್ಗೆ ಸೈಕಲಿನ ಮಕ್ಕಳು ಹಾರೆ ಹಿಡಿದು ಹಿರಿಯರೊಡನೆ ಗುಡ್ಡಕ್ಕೆ ಹೋಗಿ, ತಾವು ಬೀಳಿಸಿದ ಗೆರೆಗಳನ್ನು ಮುಚ್ಚಿ, ಹತ್ತಿಪ್ಪತ್ತು ಹೆಜ್ಜೆಗೊಂದು ಅಡ್ಡಕಣಿ ತೋಡಿದರೆ ಸಾಕು. ನೀರು ತುಂಬಿದ ಸಣ್ಣ ಬಾಟಲಿಯೊಂದನ್ನು ಅಡ್ಡಮಲಗಿಸಿ, ಅದರ ಗಾಳಿಗುಳ್ಳೆ ಸರಿಯುವುದನ್ನು ನೋಡಿ ಇಳಿಜಾರನ್ನು ಅಳೆಯುವ ಪಾಠವನ್ನು ಅಲ್ಲಿಯೇ ಕಲಿಸಬಹುದು. ಮೊದಲ ಮಳೆ ಬಿದ್ದ ದಿನ ಆ ಕಣಿಯಲ್ಲಿ ನೀರು ಬದಿಗೆ ಹರಿದು ಹೋಗುವುದನ್ನು ಕಂಡ ಹುಡುಗನು ಮುಂದೆಂದೂ ಆ ದಾರಿಯಲ್ಲಿ ಚಕ್ರವನ್ನು ಜಾರಿಸಲಾರನೆಂಬ ನಂಬಿಕೆ ನಮಗಿದೆ.