ಹಣೆಗೆ ಕಟ್ಟಿದ ದೀಪಕ್ಕೆ ಓದಿದವರ ನೆರವು ಬೇಕು

ಹಣೆಗೆ ಕಟ್ಟಿಕೊಳ್ಳುವ ಟಾರ್ಚ್, ಪವರ್ ಬ್ಯಾಂಕ್, ಜಿಪಿಎಸ್, ಸ್ಮಾರ್ಟ್ ವಾಚ್. ಇವುಗಳ ಜಾಹೀರಾತಿನಲ್ಲಿ ಯಾವಾಗಲೂ ಒಂದೇ ಚಿತ್ರ: ಹಿಮದ ಬೆಟ್ಟ, ಬಣ್ಣದ ಟೆಂಟು, ಬೆನ್ನಿಗೆ ದೊಡ್ಡ ಬ್ಯಾಗು ಹೊತ್ತ ಯುವಕ. ಟ್ರೆಕ್ಕಿಂಗ್, ಕ್ಯಾಂಪಿಂಗ್ ಎಂದರೆ ವಾರದ ಕೊನೆಗೆ ಬೆಂಗಳೂರಿನಿಂದ ಚಿಕ್ಕಮಗಳೂರಿಗೋ ಕೊಡಗಿಗೋ ಹೋಗುವವರ ಹವ್ಯಾಸ ಎಂದು ನಾವೂ ನಂಬಿಬಿಟ್ಟಿದ್ದೇವೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಬಸವನ ಬಾಗೇವಾಡಿಯಲ್ಲಿ ಕುಳಿತು ಉದ್ಯೋಗದ ಅರ್ಜಿ ತುಂಬುವ ನನ್ನಂಥವರಿಗೆ ಅದಕ್ಕೂ ನಮಗೂ ಏನು ಸಂಬಂಧ ಅನ್ನಿಸುವುದು ಸಹಜ.

ಆದರೆ ನಮ್ಮ ತಾಲೂಕಿನ ಒಂದು ರಾತ್ರಿಯನ್ನು ನೋಡಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ರೈತ ಅಪರಾತ್ರಿ ಎದ್ದು ಕಬ್ಬಿಗೆ ನೀರು ತಿರುವಲು ಹೋಗಬೇಕು. ಕುರಿಗಾಹಿಗಳು ಹಿಂಡನ್ನು ಯಾರದೋ ಹೊಲದಲ್ಲಿ ತರುಬಿ, ತೋಳದ ಭಯಕ್ಕೆ ಸರದಿಯಂತೆ ಎಚ್ಚರ ಇರುತ್ತಾರೆ. ಯುಗಾದಿ ಹತ್ತಿರ ಬಂದಾಗ ಶ್ರೀಶೈಲ ಮಲ್ಲಯ್ಯನ ದರ್ಶನಕ್ಕೆ ಹೊರಟವರು ಬಿಸಿಲು ತಪ್ಪಿಸಲು ನಸುಕಿನಲ್ಲಿ, ರಾತ್ರಿಯಲ್ಲಿ ಮೈಲುಗಟ್ಟಲೆ ನಡೆಯುತ್ತಾರೆ. ಆತ್ಮಕೂರಿನ ಬಳಿಯ ವೆಂಕಟಾಪುರ ದಾಟಿದ ಮೇಲೆ ಅವರದು ಅಪ್ಪಟ ಕಾಡುದಾರಿ. ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ, ಕಡೆಗೆ ಕೈಲಾಸ ದ್ವಾರ. ಅದು ನಲ್ಲಮಲ ಅರಣ್ಯ, ದೇಶದ ಅತಿ ದೊಡ್ಡ ಹುಲಿ ಮೀಸಲು ಪ್ರದೇಶದ ಭಾಗ. ಎಪ್ಪತ್ತರ ಅಜ್ಜಿಯರೂ ನಡೆದು ದಾಟುವ ಆ ದಾರಿಗಿಂತ ದೊಡ್ಡ ಟ್ರೆಕ್ಕಿಂಗ್ ಯಾವುದಿದೆ?

ಅಂದರೆ ಈ ಸಾಧನಗಳ ನಿಜವಾದ ಬಳಕೆದಾರರು ನಮ್ಮ ಮನೆಯಲ್ಲೇ ಇದ್ದಾರೆ. ಅವರಿಗೆ ಇದು ಹವ್ಯಾಸವಲ್ಲ, ಬದುಕು. ಜಾಹೀರಾತು ಅವರ ಭಾಷೆಯಲ್ಲಿ ಮಾತಾಡುವುದಿಲ್ಲ. ಡಬ್ಬಿಯ ಮೇಲಿನ ಅಂಕಿ ಅವರಿಗೆ ಅರ್ಥವಾಗುವುದಿಲ್ಲ. ಆ ಅಂಕಿಯನ್ನು ಓದಿ ಹೇಳಬಲ್ಲವರು ನಾವು. ಪಿಯುಸಿಯ ಭೌತವಿಜ್ಞಾನ ಓದಿದವರು, ಐಟಿಐ ಮುಗಿಸಿದವರು, ಸ್ಪರ್ಧಾತ್ಮಕ ಪರೀಕ್ಷೆಗೆ ದಿನಾ ಗಣಿತ ಬಿಡಿಸುವವರು.

ಕಳೆದ ವರ್ಷ ಪಾದಯಾತ್ರಿಗಳಿಗೆ ನೀರು, ಮಜ್ಜಿಗೆ ಕೊಡುವ ಅರವಟ್ಟಿಗೆಯಲ್ಲಿ ಗೆಳೆಯರೊಂದಿಗೆ ಎರಡು ದಿನ ಸೇವೆ ಮಾಡಿದೆ. ಅಲ್ಲಿ ಮೊಬೈಲ್ ಚಾರ್ಜಿಂಗ್ ಮೇಜು ನನ್ನ ಪಾಲಿಗೆ ಬಂದಿತ್ತು. ಒಬ್ಬ ಹಿರಿಯರು ಹಣೆಯ ಟಾರ್ಚ್ ಬಿಚ್ಚಿ ಕೈಗಿಟ್ಟರು. 'ತಮ್ಮಾ, ಮೊನ್ನೆ ತಗೊಂಡೀನಿ. ಭಾಳ ಪಾವರ್ ಐತಿ ಅಂದಿದ್ದ ಅಂಗಡ್ಯಾವ. ಎರಡ ತಾಸಿಗೆ ಮಕ್ಕೊಂತೈತಿ. ನನ್ನ ಕೈಯಾಗೇ ಏನರ ಐಬ ಐತೇನು ನೋಡು' ಎಂದರು. ಒಳಗಿನ ಸೆಲ್ ತೆಗೆದು ನೋಡಿದೆ. ಮೇಲೆ 9900 ಎಂಎಎಚ್ ಎಂದು ಅಚ್ಚಾಗಿತ್ತು. 'ಕಾಕಾ, ಐಬ ನಿಮ್ಮ ಕೈಯಾಗಿಲ್ಲ, ಈ ಚೀಟ್ಯಾಗ ಐತಿ' ಎಂದೆ.

ಆ ಸೆಲ್ಲಿನ ಹೆಸರು 18650. ಅಗಲ 18 ಮಿಲಿಮೀಟರ್, ಉದ್ದ 65 ಮಿಲಿಮೀಟರ್ ಎಂಬುದೇ ಆ ಹೆಸರಿನ ಅರ್ಥ. ಟಾರ್ಚಿನಿಂದ ಹಿಡಿದು ಲ್ಯಾಪ್‌ಟಾಪಿನವರೆಗೆ ಬಳಕೆಯಲ್ಲಿರುವ ಲಿಥಿಯಂ ಸೆಲ್ ಅದು. ಹೆಸರಾಂತ ಕಂಪನಿಗಳ ಒಳ್ಳೆಯ ಸೆಲ್ ಕೂಡ ಸುಮಾರು 3500 ಎಂಎಎಚ್ ಹಿಡಿಯುತ್ತದೆ, ಅಷ್ಟೇ. ಅದೇ ಗಾತ್ರದ ಸೆಲ್ಲಿನ ಮೇಲೆ 9900 ಎಂದು ಬರೆದಿದ್ದರೆ ಅದು ಸುಳ್ಳು. ಪರೀಕ್ಷಿಸಲು ಪ್ರಯೋಗಾಲಯವೂ ಬೇಡ.

ಲೂಮೆನ್ ಲೆಕ್ಕವೂ ಹೀಗೆಯೇ. ಲೂಮೆನ್ ಎಂದರೆ ಬೆಳಕಿನ ಅಳತೆ. ಸಾಮಾನ್ಯ ಎಲ್‌ಇಡಿ ಒಂದು ವ್ಯಾಟ್‌ಗೆ ಸುಮಾರು 100 ಲೂಮೆನ್ ಬೆಳಕು ಕೊಡುತ್ತದೆ ಎಂದಿಟ್ಟುಕೊಳ್ಳಿ. ಡಬ್ಬಿಯ ಮೇಲೆ ಒಂದು ಲಕ್ಷ ಲೂಮೆನ್ ಎಂದಿದ್ದರೆ ಅದಕ್ಕೆ 1000 ವ್ಯಾಟ್ ಬೇಕು, ಅಂದರೆ ಇಸ್ತ್ರಿ ಪೆಟ್ಟಿಗೆಗೆ ಬೇಕಾಗುವಷ್ಟು. ಒಳ್ಳೆಯ 18650 ಸೆಲ್ಲಿನಲ್ಲಿ ಇರುವುದು 3.7 ವೋಲ್ಟ್ ಗುಣಿಸು 3.5 ಆಂಪಿಯರ್ ಅವರ್, ಅಂದರೆ ಸುಮಾರು 13 ವ್ಯಾಟ್ ಅವರ್. ಭಾಗಿಸಿ ನೋಡಿ, ಒಂದು ನಿಮಿಷವೂ ಉರಿಯುವುದಿಲ್ಲ! ಅದೇ ಸೆಲ್ 200 ಲೂಮೆನ್ ಬೆಳಕನ್ನು ಸುಮಾರು ಆರು ತಾಸು ಕೊಡಬಲ್ಲದು. ಬದುವಿನ ಮೇಲೆ ಕಾಲಿಡುವ ಮುಂಚೆ ಹಾವು ಕಾಣಿಸಲು 200 ಲೂಮೆನ್ ಧಾರಾಳ ಸಾಕು. ನಮಗೆ ಬೇಕಾದದ್ದು ಕಣ್ಣು ಕುಕ್ಕುವ ಬೆಳಕಲ್ಲ, ಬೆಳಗಿನವರೆಗೆ ಉಳಿಯುವ ಬೆಳಕು.

ಪವರ್ ಬ್ಯಾಂಕ್ ಕೊಳ್ಳುವಾಗಲೂ ಇದೇ ಗಣಿತ ನೆನಪಿರಲಿ. 10000 ಎಂಎಎಚ್ ಎಂಬುದು ಒಳಗಿನ 3.7 ವೋಲ್ಟಿನ ಸೆಲ್ಲಿನ ಲೆಕ್ಕ. ಅದು 5 ವೋಲ್ಟಿಗೆ ಏರಿ ಹೊರಬರುವಷ್ಟರಲ್ಲಿ ಸುಮಾರು 6000ಕ್ಕೆ ಇಳಿದಿರುತ್ತದೆ. 5000 ಎಂಎಎಚ್ ಬ್ಯಾಟರಿಯ ಫೋನನ್ನು ಅದು ಎರಡು ಸಲ ತುಂಬಿಸುವುದಿಲ್ಲ. ಒಂದೂವರೆ ಸಲ ತುಂಬಿಸಿದರೆ ಹೆಚ್ಚು. ಇದು ಮೋಸವಲ್ಲ, ಭೌತವಿಜ್ಞಾನ. ಮೋಸ ತಿಳಿಯಬೇಕೆಂದರೆ ಬಿಐಎಸ್ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ನೋಡಿ. ಪವರ್ ಬ್ಯಾಂಕಿಗೆ ಈ ನೋಂದಣಿ ಕಡ್ಡಾಯ. 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಸಂಖ್ಯೆ ಹಾಕಿದರೆ ಅದು ಅಸಲಿಯೋ ಅಲ್ಲವೋ ಗೊತ್ತಾಗುತ್ತದೆ. ಉಬ್ಬಿದ ಬ್ಯಾಟರಿಯನ್ನು ಮಾತ್ರ ಯಾವ ಕಾರಣಕ್ಕೂ ಮತ್ತೆ ಚಾರ್ಜಿಗೆ ಹಾಕಬೇಡಿ.

ಬೆಳಕು ದಾರಿ ನೋಡಲು ಮಾತ್ರವಲ್ಲ, ನಾವು ಇನ್ನೊಬ್ಬರಿಗೆ ಕಾಣಲೂ ಬೇಕು. ತಾಸಿಗೆ 60 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿನಲ್ಲಿ ಹದಿನಾರು ಮೀಟರಿಗಿಂತ ಹೆಚ್ಚು ಮುಂದೆ ಬಂದಿರುತ್ತದೆ. ಚಾಲಕನ ಕಣ್ಣಿಗೆ ಬಿದ್ದು ಅವನ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ದೂರ ಮುಗಿದಿರುತ್ತದೆ. ಕತ್ತಲಲ್ಲಿ ಮಾಸಿದ ಬಟ್ಟೆ ತೊಟ್ಟು ಹೆದ್ದಾರಿಯ ಅಂಚಿನಲ್ಲಿ ನಡೆಯುವವರ ಬೆನ್ನಿಗೆ ಹೊಳೆಯುವ ಪಟ್ಟಿ, ಗುಂಪಿನ ಕೊನೆಯವರ ಚೀಲಕ್ಕೆ ಮಿನುಗುವ ಒಂದು ಕೆಂಪು ದೀಪ ಇದ್ದರೆ ಚಾಲಕನಿಗೆ ಆ ಸೆಕೆಂಡು ಸಿಗುತ್ತದೆ. ರಸ್ತೆಯ ಬಲಬದಿಗೆ, ಎದುರು ಬರುವ ವಾಹನ ಕಾಣುವಂತೆ ನಡೆಯುವುದಕ್ಕಂತೂ ಖರ್ಚೇ ಇಲ್ಲ.

ಹಾವಿನ ಮಾತಿಗೆ ಬಂದರೆ, 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು. ಸಮಸ್ಯೆ ಅಷ್ಟು ದೊಡ್ಡದು. ಕೊಳಕುಮಂಡಲ ರಾತ್ರಿ ಸಂಚರಿಸುವ ಹಾವು. ಹಣೆಯ ಟಾರ್ಚಿನಿಂದ ಎರಡೂ ಕೈ ಬಿಡುವಾಗುತ್ತವೆ. ಒಂದರಲ್ಲಿ ಸಲಿಕೆ, ಇನ್ನೊಂದರಲ್ಲಿ ಕೋಲು ಹಿಡಿಯಬಹುದು. ಕಾಲಿಗೆ ಬೂಟು ಇದ್ದರೆ ಇನ್ನೂ ಒಳ್ಳೆಯದು. ಕಚ್ಚಿದರೆ ಮಂತ್ರ, ಕಟ್ಟು ಎಂದು ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಹೋಗಬೇಕು. ಇದನ್ನು ಮನೆಯವರಿಗೆ ಹೇಳಬೇಕಾದವರೂ ನಾವೇ.

ಕಾಡಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಫೋನು ಬರೀ ಇಟ್ಟಿಗೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಜಿಪಿಎಸ್‌ಗೆ ಸಿಮ್ ಬೇಡ, ಟವರ್ ಬೇಡ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತವನ್ನು ಫೋನು ಕೇವಲ ಕೇಳಿಸಿಕೊಳ್ಳುತ್ತದೆ. ನಮ್ಮ ಇಸ್ರೊ ಕೂಡ 2013ರಿಂದ ಇಂಥ ಉಪಗ್ರಹಗಳನ್ನು ಹಾರಿಸಿ ನಾವಿಕ್ ಎಂಬ ಸ್ವದೇಶಿ ವ್ಯವಸ್ಥೆ ಕಟ್ಟಿದೆ. ಹೊರಡುವ ಮುನ್ನ ಊರಲ್ಲೇ ಆ ಭಾಗದ ನಕ್ಷೆ ಡೌನ್‌ಲೋಡ್ ಮಾಡಿಕೊಂಡರೆ ಕಾಡಿನಲ್ಲೂ ನೀವು ಎಲ್ಲಿದ್ದೀರಿ ಎಂದು ತಿಳಿಯುತ್ತದೆ. ಸಿಗ್ನಲ್ ಹುಡುಕುತ್ತಾ ಫೋನು ಬ್ಯಾಟರಿ ತಿನ್ನುವುದನ್ನು ತಡೆಯಲು ಏರೋಪ್ಲೇನ್ ಮೋಡ್‌ನಲ್ಲಿಡಿ. ಯಾವುದಾದರೂ ಒಂದು ಕಂಪನಿಯ ಟವರ್ ಸಿಕ್ಕಲ್ಲಿ 112ಕ್ಕೆ ಕರೆ ಮಾಡಿ ನೋಡಬಹುದು, ನಿಮ್ಮ ಸಿಮ್ ಆ ಕಂಪನಿಯದೇ ಆಗಿರಬೇಕಿಲ್ಲ.

ವಿದೇಶದ ಯೂಟ್ಯೂಬ್ ವಿಡಿಯೊಗಳಲ್ಲಿ ಚಾರಣಿಗರು ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನ ತೋರಿಸುತ್ತಾರೆ. ಯಾರಾದರೂ ಸಂಬಂಧಿಕರು ಹೊರದೇಶದಿಂದ ತಂದುಕೊಡುತ್ತೇನೆ ಎಂದರೆ ಬೇಡ ಎನ್ನಿ. ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಅದನ್ನು ಇಟ್ಟುಕೊಳ್ಳುವುದು ಕಾನೂನುಬಾಹಿರ. ವಿಮಾನ ನಿಲ್ದಾಣದಲ್ಲಿ ಅದರೊಂದಿಗೆ ಸಿಕ್ಕಿಬಿದ್ದು ವಿದೇಶಿ ಪ್ರವಾಸಿಗರೇ ಪೊಲೀಸ್ ಠಾಣೆಗೆ ಹೋದ ಉದಾಹರಣೆಗಳಿವೆ. ಪೊಲೀಸ್ ಪರಿಶೀಲನೆಯ ನಂತರ ಕೆಲಸ ಸಿಗಬೇಕಾದ ನಮಗೆ ಅಂಥ ಪ್ರಕರಣ ಬೇಡ.

ಇನ್ನೂ ಒಂದು ಮಾತು. ದೂರ ಬೀಳುವ ಬೆಳಕಿನ ಟಾರ್ಚ್ ಸಿಕ್ಕ ಕೂಡಲೇ ರಾತ್ರಿ ಮೊಲದ ಬೇಟೆಗೆ ಹೊರಡುವ ಹುಡುಗರು ನಮ್ಮ ಕಡೆ ಇಲ್ಲದಿಲ್ಲ. ಬೆಳಕಿಗೆ ಕಣ್ಣು ಕೋರೈಸಿ ನಿಂತ ಪ್ರಾಣಿಯನ್ನು ಹೊಡೆಯುವುದರಲ್ಲಿ ಶೌರ್ಯವೂ ಇಲ್ಲ, ರಿಯಾಯಿತಿಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಪಕ್ಕದ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರಗಳಿಗಾಗಿಯೇ ವನ್ಯಧಾಮ ಇದೆ. ಬಯಲುಸೀಮೆಯ ಪ್ರಾಣಿಗಳನ್ನು ನೋಡುವ ಆಸೆ ಇದ್ದವರು ಬೈನಾಕ್ಯುಲರ್ ಹಿಡಿದು ಹಗಲು ಹೋಗಲಿ.

ಕೈಗೆ ಕಟ್ಟುವ ಅಗ್ಗದ ವಾಚುಗಳು ಬಿಪಿ, ಶುಗರ್ ಎಲ್ಲ ತೋರಿಸುತ್ತವೆ ಎನ್ನುತ್ತವೆ. ಚರ್ಮ ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಎನ್ನುವ ವಾಚು, ಉಂಗುರಗಳನ್ನು ನಂಬಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿದೆ. ಸಕ್ಕರೆ ಕಾಯಿಲೆಯ ಕಾಕಾ, ದೊಡ್ಡವ್ವಂದಿರು ನೂರಾರು ಮೈಲು ನಡೆಯಲು ಹೊರಟಾಗ ಅವರ ಕೈಗೆ ವಾಚು ಕಟ್ಟಿ ನಿಶ್ಚಿಂತರಾಗಬಾರದು. ಹೊರಡುವ ಮುನ್ನ ವೈದ್ಯರಿಗೆ ತೋರಿಸುವುದು, ದಿನಾ ಸಂಜೆ ಅಂಗಾಲಿನ ಗುಳ್ಳೆ ನೋಡುವುದು ಆ ವಾಚಿಗಿಂತ ಹೆಚ್ಚು ಉಪಕಾರಿ.

ಹಾಗಾದರೆ ಏನು ಮಾಡಬಹುದು? ಈ ಸಲ ಪಾದಯಾತ್ರೆಯ ದಾರಿಯಲ್ಲಿ ಅರವಟ್ಟಿಗೆ ಹಾಕುವ ಯುವಕ ಸಂಘಗಳು, ಕಾಲೇಜಿನ ಎನ್‌ಎಸ್‌ಎಸ್ ಘಟಕಗಳು ಮಜ್ಜಿಗೆಯ ಪಕ್ಕ ಇನ್ನೊಂದು ಮೇಜು ಹಾಕಲಿ. ಟಾರ್ಚ್ ಪರೀಕ್ಷಿಸಲು ಒಂದು ಮಲ್ಟಿಮೀಟರ್, ಬೆನ್ನಿಗೆ ಅಂಟಿಸಲು ಹೊಳೆಯುವ ಟೇಪು, ಫೋನಿಗೆ ಕಾಡಿನ ನಕ್ಷೆ ಹಾಕಿಕೊಡಲು ಒಬ್ಬ ಹುಡುಗ ಅಥವಾ ಹುಡುಗಿ. ಇಷ್ಟು ಸಾಕು. ಸುಳ್ಳು ಅಂಕಿಯ ಮಾಲು ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

ಉದ್ಯೋಗದ ದೃಷ್ಟಿಯಿಂದಲೂ ಇದನ್ನು ನೋಡಬೇಕು. ಸೆಲ್ ಬದಲಿಸಿದರೆ ಇನ್ನೂ ವರ್ಷಗಟ್ಟಲೆ ಬಾಳುವ ಟಾರ್ಚುಗಳು ತಿಪ್ಪೆ ಸೇರುತ್ತಿವೆ. ಕೊಂಡ ವಸ್ತುವನ್ನು ದುರಸ್ತಿ ಮಾಡಿಸಿಕೊಳ್ಳುವುದು ಗ್ರಾಹಕರ ಹಕ್ಕು ಎಂದು ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆಯಿತು. ಆದರೆ ದುರಸ್ತಿ ಬಲ್ಲ ಕೈ ತಾಲೂಕಿನಲ್ಲಿ ಇರಬೇಕಲ್ಲ? ಒದ್ದೆ ಕೈಯಲ್ಲೂ ಒತ್ತಬಹುದಾದ ದೊಡ್ಡ ಸ್ವಿಚ್, ಸುಲಭವಾಗಿ ಬದಲಿಸಬಹುದಾದ ಸೆಲ್, ಕನ್ನಡದಲ್ಲಿ ಬರೆದ ಸೂಚನೆ, ಬೆಳಗಿನವರೆಗೆ ಉರಿಯುವ ಮಂದ ಬೆಳಕು. ನಮ್ಮ ರೈತನಿಗೆ ತಕ್ಕ ಇಂಥ ಟಾರ್ಚ್ ಹೇಗಿರಬೇಕು ಎಂದು ದೂರದ ಕಾರ್ಖಾನೆಯ ಎಂಜಿನಿಯರ್‌ಗಿಂತ ರಾತ್ರಿ ಅಪ್ಪನ ಜೊತೆ ನೀರು ತಿರುವಿದ ಡಿಪ್ಲೊಮಾ ಹುಡುಗನಿಗೆ ಚೆನ್ನಾಗಿ ಗೊತ್ತು. ಎಲ್ಲರೂ ಕಂಪನಿ ಕಟ್ಟಬೇಕೆಂದಿಲ್ಲ. ಒಂದು ದುರಸ್ತಿ ಅಂಗಡಿ, ಒಂದು ಕಾಲೇಜು ಪ್ರಾಜೆಕ್ಟ್‌ನಿಂದ ಶುರುವಾದರೂ ಸಾಕು.

ಕಾಯಕಕ್ಕೆ ಹೆಸರಾದ ಬಸವಣ್ಣನವರು ಹುಟ್ಟಿದ ಊರು ನಮ್ಮದು. ನೌಕರಿಯ ಆದೇಶ ಬರುವವರೆಗೆ ನಮ್ಮ ಓದು ಪುಸ್ತಕದಲ್ಲೇ ಮಡಚಿಕೊಂಡು ಕೂರಬೇಕಾಗಿಲ್ಲ. ಇವತ್ತು ಸಂಜೆ ಮನೆಯಲ್ಲಿ ಗೂಟಕ್ಕೆ ತೂಗುಹಾಕಿದ ಟಾರ್ಚನ್ನು ಕೆಳಗಿಳಿಸಿ, ಸೆಲ್ ತೆಗೆದು, ಅದರ ಮೇಲೆ ಏನು ಬರೆದಿದೆ ಎಂದು ಓದಿ. ಅಪ್ಪನಿಗೆ ಅದರ ಅರ್ಥ ಹೇಳಿ.