ಮೊದಲು ಓದಿ, ಆಮೇಲೆ ಓಡಿಸಿ

ಕಳೆದ ತಿಂಗಳು ನನ್ನಿಂದ ಒಂದು ತಪ್ಪಾಯಿತು. ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಇಂಟರ್ನೆಟ್ ಇಲ್ಲ. ಪ್ರಾಕ್ಟಿಕಲ್ ಫೈಲುಗಳನ್ನು ಎಲ್ಲ ಕಂಪ್ಯೂಟರಿಗೂ ಪೆನ್‌ಡ್ರೈವಿನಿಂದಲೇ ಹಾಕಬೇಕು. ಅವನ್ನೆಲ್ಲ ಒಂದೇ ಫೈಲಿಗೆ ತುಂಬಿ, ಓಡಿಸಿದರೆ ತಾನೇ ಬಿಚ್ಚಿಕೊಳ್ಳುವಂತೆ ಒಂದು ಶೆಲ್ ಸ್ಕ್ರಿಪ್ಟ್ ಬರೆದೆ. ಹಳೆಯ ಫೋಲ್ಡರನ್ನು ಅಳಿಸುವ ಸಾಲೊಂದನ್ನೂ ಸೇರಿಸಿದ್ದೆ. ಗೆಳೆಯನೊಬ್ಬನ ರೆಕಾರ್ಡಿನ ಪ್ರೋಗ್ರಾಂಗಳು ಅದೇ ಹೆಸರಿನ ಫೋಲ್ಡರಿನಲ್ಲಿದ್ದವು. ಎಲ್ಲವೂ ಹೋದವು. ಅವನು ಬೈಯಲಿಲ್ಲ. "ನೀನು ಕೊಟ್ಟಿದ್ದಲ್ವಾ ಮಾರಾಯ, ಅದಕ್ಕೇ ನೋಡದೆ ಎಂಟರ್ ಒತ್ತಿದೆ" ಅಂದ. ಬೈದಿದ್ದರೇ ಚೆನ್ನಾಗಿತ್ತು.

ಈಗ ಕೆಲವರು ಲ್ಯಾಬಿನಲ್ಲಿ ಇಂಥ ಫೈಲುಗಳೇ ಬೇಡ ಎನ್ನುತ್ತಿದ್ದಾರೆ. ನಾನು ಒಪ್ಪುವುದಿಲ್ಲ.

ಇದರ ರಚನೆ ಸರಳ. ಮೇಲ್ಭಾಗದಲ್ಲಿ ಸ್ಕ್ರಿಪ್ಟ್, ಕೆಳಗೆ ಟಾರ್ ಮಾಡಿ ಜಿಜಿಪ್‌ನಿಂದ ಕುಗ್ಗಿಸಿದ ಸರಕು. ಶೆಲ್ ಮೇಲಿನಿಂದ ಸಾಲುಸಾಲಾಗಿ ಓದುತ್ತಾ ಬರುತ್ತದೆ. ನನ್ನ ಸ್ಕ್ರಿಪ್ಟಿನಲ್ಲಿ ಟೇಲ್ ಕಮಾಂಡ್ ಇಂತಿಷ್ಟನೇ ಸಾಲಿನಿಂದ ಕೆಳಗಿರುವುದನ್ನೆಲ್ಲ ಟಾರ್‌ಗೆ ಒಪ್ಪಿಸುತ್ತದೆ, ಆಮೇಲೆ ಎಕ್ಸಿಟ್. ಎಕ್ಸಿಟ್ ಮರೆತರೆ ಶೆಲ್ ಆ ಸರಕನ್ನೂ ಕಮಾಂಡ್ ಎಂದುಕೊಂಡು ಓದಲು ಹೋಗುತ್ತದೆ, ಪರದೆ ತುಂಬ ಕಸ ಬರುತ್ತದೆ. (ನಾನು ಎರಡು ಸಲ ಮರೆತಿದ್ದೆ.) ಎನ್‌ವಿಡಿಯಾ ಕಂಪನಿ ಲಿನಕ್ಸ್ ಡ್ರೈವರಿಗಾಗಿ ಕೊಡುವ ಡಾಟ್ ರನ್ ಫೈಲೂ ಇದೇ ಬಗೆಯದು. ಇಂಥವನ್ನು ಕಟ್ಟಲು ಮೇಕ್‌ಸೆಲ್ಫ್ ಎಂಬ ಉಚಿತ ಸಾಧನವಿದೆ.

ಎಕ್ಸ್‌ಇ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ನಮಗೇನೂ ಅರ್ಥವಾಗದು. ಇಲ್ಲಿ ಹಾಗಲ್ಲ, ಹೆಡ್ ಕಮಾಂಡ್ ಕೊಟ್ಟರೆ ಮೇಲಿನ ಸಾಲುಗಳು ಕಣ್ಣಮುಂದೆ. ಅಳಿಸುವ ಆರ್‌ಎಂ ಇದೆಯೇ, ಸುಡೋ ಇದೆಯೇ ಎಂದು ನೋಡಬಹುದು. ನನ್ನ ಸ್ಕ್ರಿಪ್ಟ್ ಹದಿನಾಲ್ಕೇ ಸಾಲಿನದು. ಓದಿದ್ದರೆ ಯಾರಿಗಾದರೂ ಸಿಗುತ್ತಿತ್ತು. ಮೇಕ್‌ಸೆಲ್ಫ್‌ನದು ನೂರಾರು ಸಾಲು, ಓದಲು ಬೇಜಾರು, ನಿಜ.

ಅದರೊಳಗೇ ಚೆಕ್‌ಸಮ್ ಇದೆಯಲ್ಲ, ಅಷ್ಟು ಸಾಲದೇ ಎಂದು ಸಹಪಾಠಿಯೊಬ್ಬಳು ಕೇಳಿದಳು. ಕಾಪಿ ಮಾಡುವಾಗ ಫೈಲು ಕೆಟ್ಟಿದ್ದರೆ ಅದು ಹೇಳುತ್ತದೆ. ಆದರೆ ಸರಕನ್ನು ಬೇಕೆಂದೇ ಬದಲಿಸಿದವನು ಚೆಕ್‌ಸಮ್ಮನ್ನೂ ಬದಲಿಸಬಲ್ಲ. ನೋಎಕ್ಸೆಕ್, ಕೀಪ್ ಎಂಬ ಆಯ್ಕೆಗಳನ್ನು ಒಟ್ಟಿಗೆ ಕೊಟ್ಟರೆ ಫೈಲು ಬಿಚ್ಚಿಕೊಂಡು ಸುಮ್ಮನಿರುತ್ತದೆ, ಒಳಗಿನ ಇನ್‌ಸ್ಟಾಲ್ ಸ್ಕ್ರಿಪ್ಟನ್ನು ನಿಧಾನವಾಗಿ ಓದಿಕೊಳ್ಳಬಹುದು. ಆದರೆ ಆ ಆಯ್ಕೆಗಳನ್ನು ಪಾಲಿಸಬೇಕಾದದ್ದೂ ಮೇಲ್ಭಾಗದ ಸ್ಕ್ರಿಪ್ಟೇ. ಹಾಗಾಗಿ ಗುರುತಿಲ್ಲದವರ ಫೈಲಾದರೆ ಅದನ್ನು ಓದದೆ ವಿಧಿಯಿಲ್ಲ.

ಲ್ಯಾಬಿನ ಸರ್ ಅವರಲ್ಲಿ ನನ್ನ ಮನವಿ ಇಷ್ಟೇ: ನಿಷೇಧಿಸಬೇಡಿ. ನಾವು ಹಂಚುವ ಫೈಲು ಹೊಸ, ಖಾಲಿ ಫೋಲ್ಡರಿನಲ್ಲೇ ಬಿಚ್ಚಿಕೊಳ್ಳಲಿ, ಏನನ್ನೂ ಅಳಿಸದಿರಲಿ, ಪಾಸ್‌ವರ್ಡ್ ಕೇಳದಿರಲಿ. ಬರೆದವನಲ್ಲದೆ ಇನ್ನೊಬ್ಬ ವಿದ್ಯಾರ್ಥಿ ಅದನ್ನು ಓದಿ ಹೆಸರು ಹಾಕಲಿ. ಮೊದಲ ಫೈಲು ನನ್ನದೇ ಆಗಲಿ, ತಿದ್ದಿ ಇಟ್ಟಿದ್ದೇನೆ.

ಗೆಳೆಯನ ಹನ್ನೊಂದು ಪ್ರೋಗ್ರಾಂಗಳನ್ನು ಶುಕ್ರವಾರದ ದೊಡ್ಡ ವಿರಾಮದಲ್ಲಿ ಕೂತು ಮತ್ತೆ ಟೈಪ್ ಮಾಡಿಕೊಡುತ್ತಿದ್ದೇನೆ. ಇನ್ನು ನಾಲ್ಕು ಬಾಕಿ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿ