‘ಎಲ್ಲ ಸರಿಯಿದೆ’ ಅಂದ ಸ್ಕ್ರಿಪ್ಟು

ಹೋದ ತಿಂಗಳು ಅಮ್ಮ ಊರಿಂದ ಬಂದಿದ್ದಳು. “ನಿಮ್ಮಪ್ಪನ ಅರವತ್ತರ ಶಾಂತಿ ಫೋಟೊ ತೋರಿಸೇ” ಅಂದಳು. ಅಪ್ಪ ಈಗಿಲ್ಲ. ಡಿಸ್ಕ್ ಹಾಕಿ ಹುಡುಕಿದೆ. ಆ ಫೋಲ್ಡರೇ ಇಲ್ಲ! ಫೋಟೊ ತೆಗೆದ ಫೋನು ಎಕ್ಸ್‌ಚೇಂಜ್‌ನಲ್ಲಿ ಹೋಗಿ ಎರಡು ತಿಂಗಳಾಗಿತ್ತು.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವಳು. ಮನೆಯ ಫೋಟೊಗಳನ್ನು ದಿನಾ ರಾತ್ರಿ ಬೇರೆ ಡಿಸ್ಕ್‌ಗೆ ನಕಲು ಮಾಡಲು ನಾನೇ ಶೆಲ್ ಸ್ಕ್ರಿಪ್ಟ್ ಬರೆದಿಟ್ಟಿದ್ದೆ. ಡಿಸ್ಕ್ ಶೇ 90ಕ್ಕಿಂತ ಹೆಚ್ಚು ತುಂಬಿದರೆ ಎಚ್ಚರಿಕೆಯ ಮೇಲ್ ಬರಬೇಕು, ಇಲ್ಲದಿದ್ದರೆ ‘ಎಲ್ಲ ಸರಿಯಿದೆ’ ಅಂತ. ದಿನಾ ಕಾಫಿ ಕುಡಿಯುತ್ತಾ ‘ಎಲ್ಲ ಸರಿಯಿದೆ’ ಓದುತ್ತಿದ್ದೆ. ಡಿಸ್ಕ್ ನೋಡಿದರೆ ಶೇ 100 ತುಂಬಿ ಕೂತಿತ್ತು!

ಆಗಿದ್ದಿಷ್ಟು. ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳುವುದು ಡಿಎಫ್ ಎಂಬ ಕಮಾಂಡ್. ಅದರ ಎರಡನೇ ಸಾಲಿನ ಐದನೇ ಅಂಕಣವನ್ನು ನನ್ನ ಸ್ಕ್ರಿಪ್ಟ್ ಓದುತ್ತಿತ್ತು. ಈಚೆಗೆ ಡಿಸ್ಕ್‌ಗೆ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿದ್ದೆ. ಅದರಿಂದ ಡಿಸ್ಕ್‌ನ ಹೆಸರು ಉದ್ದವಾಯಿತು. ನಮ್ಮನೆ ಹಳೇ ಲಿನಕ್ಸ್‌ನ ಡಿಎಫ್, ಹೆಸರು ಹಿಡಿಸದೆ ಸಾಲನ್ನೇ ಮುರಿದು, ಅಂಕಿಗಳನ್ನು ಮೂರನೇ ಸಾಲಿಗೆ ಇಳಿಸಿತು. ಸ್ಕ್ರಿಪ್ಟ್‌ಗೆ ಸಿಕ್ಕಿದ್ದು ಬರೀ ಖಾಲಿ. ಖಾಲಿಯನ್ನು 90ರ ಜೊತೆ ಹೋಲಿಸಲು ಹೇಳಿದರೆ ಶೆಲ್ ‘ಇದು ಸಂಖ್ಯೆಯೇ ಅಲ್ಲ’ ಅಂತ ಗೊಣಗುತ್ತದೆ, ಆದರೆ ನಿಲ್ಲುವುದಿಲ್ಲ. ‘ಇಫ್’ ಸುಳ್ಳೆಂದುಕೊಂಡು ‘ಎಲ್ಸ್’ಗೆ ಹೋಗುತ್ತದೆ. ಅಲ್ಲಿದ್ದದ್ದು ‘ಎಲ್ಲ ಸರಿಯಿದೆ’. ಆ ಗೊಣಗಾಟವಾದರೂ ಕಾಣಬೇಕಿತ್ತಲ್ಲ? ಕಿರಿಕಿರಿ ಬೇಡ ಅಂತ ಎರರ್‌ಗಳನ್ನೆಲ್ಲ ಡೆವ್ ನಲ್‌ಗೆ ತಳ್ಳಿದವಳೂ ನಾನೇ. ನಕಲು ನಿಂತದ್ದೂ ಹಾಗೇ ಮುಚ್ಚಿಹೋಯಿತು.

ಈಗ ಡಿಎಫ್ ಜೊತೆ ದೊಡ್ಡಕ್ಷರದ ಪಿ ಆಯ್ಕೆ ಕೊಟ್ಟಿದ್ದೇನೆ. ಹೆಸರು ಎಷ್ಟುದ್ದವಿದ್ದರೂ ಒಂದು ಡಿಸ್ಕ್‌ಗೆ ಒಂದೇ ಸಾಲು ಬರುತ್ತದೆ. ಸಿಸ್ಟಮ್ ಭಾಷೆ ಬದಲಿಸಿದರೂ ಔಟ್‌ಪುಟ್‌ನ ಪದಗಳು ಬದಲಾಗದಂತೆ ಸ್ಕ್ರಿಪ್ಟ್‌ನ ಮೇಲ್ಗಡೆ ಎಲ್‌ಸಿ ಆಲ್ ಅನ್ನು ‘ಸಿ’ ಮಾಡಿದ್ದೇನೆ. ಎಲ್ಲಕ್ಕಿಂತ ಮುಖ್ಯ, ಸಿಕ್ಕಿದ್ದು ಬರೀ ಅಂಕಿಯೇ ಎಂದು ಮೊದಲು ನೋಡುತ್ತೇನೆ. ಅಲ್ಲದಿದ್ದರೆ ಟೆಸ್ಟ್ ಫೇಲ್, ಮುಂದಿನ ಮಾತಿಲ್ಲ. ಮುರಿದ ಸಾಲು, ಖಾಲಿ ಉತ್ತರ, ಶೇ 100 ಇವನ್ನೆಲ್ಲ ಫೈಲ್ ಮಾಡಿಟ್ಟುಕೊಂಡು, ಸ್ಕ್ರಿಪ್ಟ್ ತಿದ್ದಿದಾಗಲೆಲ್ಲ ಅವನ್ನು ಅದಕ್ಕೇ ಉಣಿಸಿ ನೋಡುತ್ತೇನೆ. ಆಫೀಸಿನಲ್ಲಿ ಬೇರೆಯವರ ಕೋಡ್‌ಗೆ ದಿನಾ ಮಾಡುವ ಕೆಲಸ ಇದೇ. ಮನೆಯದಕ್ಕೆ ಮಾಡಿರಲಿಲ್ಲ, ಅಷ್ಟೇ.

ಚಿಕ್ಕಪ್ಪನ ಮಗಳ ವಾಟ್ಸಾಪಿನಲ್ಲಿ 14 ಫೋಟೊ ಸಿಕ್ಕವು. ಸ್ವಲ್ಪ ಮಸುಕು. ಅಮ್ಮ ಒಂದೊಂದನ್ನೂ ದೊಡ್ಡದು ಮಾಡಿ ನೋಡಿ, “ಸಾಕು ಬಿಡೇ, ಮುಖ ಕಾಣತ್ತಲ್ಲ” ಅಂದಳು.

ಮೇಲ್ ಈಗಲೂ ದಿನಾ ಬರುತ್ತದೆ. ‘ಎಲ್ಲ ಸರಿಯಿದೆ’ ಎಂಬ ಮಾತನ್ನು ಮಾತ್ರ ಅಳಿಸಿದ್ದೇನೆ. ಎಷ್ಟು ತುಂಬಿದೆ, ಕೊನೆಯ ಫೋಟೊ ಯಾವತ್ತಿನದು, ಅಷ್ಟನ್ನೇ ಹೇಳುತ್ತದೆ. ಸರಿಯಿದೆಯೋ ಇಲ್ಲವೋ ನಾನೇ ನೋಡಿಕೊಳ್ಳುತ್ತೇನೆ.